ಪಡುಕೋಣೆ ಎಂದರೆ ಯಾರು, ಯಾವುದು? ಒಂದು ಅಡ್ಡಹೆಸರಿನ ಪಟ್ಟಿ ಮಾಡುವ ಬಗೆ

ಪಡುಕೋಣೆ ಅಂದ ಕೂಡಲೇ ಎರಡು ಹೆಸರು ಬರುತ್ತವೆ. ದೀಪಿಕಾ, ಪ್ರಕಾಶ್. ಅಲ್ಲಿಗೆ ನಿಂತುಬಿಡುತ್ತೇವೆ. ನಾನೂ ಹಾಗೇ ನಿಂತಿದ್ದೆ. ಒಂದು ಸಲ ಲೈಬ್ರರಿಯಲ್ಲಿ ಮಕ್ಕಳಿಗೆ ಕ್ವಿಜ್ ಮಾಡುವಾಗ "ಪಡುಕೋಣೆ ಎಂಬ ಅಡ್ಡಹೆಸರಿನ ಇಬ್ಬರನ್ನು ಹೇಳಿ" ಅಂತ ಕೇಳಿ, ಉತ್ತರ ಬಂದ ಮೇಲೆ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಹಿಂದೆ ಪೇಪರ್ ಓದುತ್ತಾ ಕೂತಿದ್ದ ಅಜ್ಜ ಒಬ್ಬರು ತಲೆ ಎತ್ತಿ, "ರಮಾನಂದರಾಯರನ್ನ ಬಿಟ್ರಲ್ಲ ಮಾರಾಯ್ರೆ" ಅಂದರು. ಪಡುಕೋಣೆ ರಮಾನಂದ ರಾವ್, ಕನ್ನಡದಲ್ಲಿ ಹಾಸ್ಯ ಬರೆದು ಹೆಸರಾದವರು. ನನಗೆ ಹೊಳೆದೇ ಇರಲಿಲ್ಲ. ಅವತ್ತು ಸಂಜೆ ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದು ಪಟ್ಟಿ ಶುರು ಮಾಡಿದೆ. ಆಮೇಲೆ ಬೇರೆ ಅಡ್ಡಹೆಸರುಗಳಿಗೂ ಅದೇ ಕೆಲಸ ಮಾಡಿದೆ. ನಿಮ್ಮ ಅಡ್ಡಹೆಸರೂ ಸ್ವಲ್ಪ ಅಪರೂಪದ್ದಾಗಿದ್ದರೆ, ಆ ಹೆಸರಿನ ಜನ ಯಾರ್ಯಾರು, ಊರು ಯಾವುದು, ರಸ್ತೆ, ಸಂಸ್ಥೆ ಏನೇನಿವೆ ಅಂತ ಪಟ್ಟಿ ಮಾಡಬೇಕು ಅನ್ನಿಸಿದ್ದರೆ, ಹೇಗೆ ಮಾಡೋದು ಅಂತ ಇಲ್ಲಿ ಹೇಳುತ್ತೇನೆ. ಪಡುಕೋಣೆಯನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ಹೆಸರನ್ನು ಕನ್ನಡದಲ್ಲಿ ಬರೆಯಿರಿ. ಇದು ಚಿಕ್ಕ ಕೆಲಸ ಅನ್ನಿಸುತ್ತೆ, ಆದರೆ ಅರ್ಧ ಗೊಂದಲ ಇಲ್ಲೇ ಹುಟ್ಟೋದು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಡ ಯಾವುದು, ದ ಯಾವುದು ಗೊತ್ತಾಗಲ್ಲ, ಮೊದಲ ಅಕ್ಷರ ಪ ಅಥವಾ ಪಾ ಗೊತ್ತಾಗಲ್ಲ, ಕೊನೆಯ ಎಕಾರವನ್ನು ಓದಬೇಕೋ ಬಿಡಬೇಕೋ ಅದೂ ಗೊತ್ತಾಗಲ್ಲ. ಅದಕ್ಕೇ ಹಿಂದಿಯಲ್ಲಿ ಅದು 'ಪಾದುಕೋಣ್' ಆಗಿಬಿಟ್ಟಿದೆ. ಪಾದುಕೆಗೂ ಈ ಹೆಸರಿಗೂ ಏನೂ ಸಂಬಂಧವಿಲ್ಲ. ಪಡು ಅಂದರೆ ಪಶ್ಚಿಮ. ಪಡುಬಿದ್ರಿಯಲ್ಲಿ ಇರೋದೂ ಅದೇ ಪಡು, ಮೂಡುಬಿದಿರೆಯಲ್ಲಿ ಇರೋ ಮೂಡು ಅದರ ಎದುರು ದಿಕ್ಕು. ಹುಡುಕುವಾಗ ಮಾತ್ರ ಎಲ್ಲ ರೂಪದಲ್ಲೂ ಹುಡುಕಿ, ಹಿಂದಿಯ ತಪ್ಪು ರೂಪವನ್ನೂ ಬಿಡಬೇಡಿ. ಯಾಕೆಂದರೆ ಮುಂಬೈಯ ಹಳೆಯ ಪತ್ರಿಕೆಗಳಲ್ಲಿ ನಿಮ್ಮ ಊರಿನವರು ಯಾವ ರೂಪದಲ್ಲಿ ಅಡಗಿ ಕೂತಿರುತ್ತಾರೋ ಹೇಳೋಕೆ ಬರಲ್ಲ.

ಎರಡನೆಯದು, ಅದು ಊರಿನ ಹೆಸರಾ ನೋಡಿ. ಕರಾವಳಿಯ ಅಡ್ಡಹೆಸರಾದರೆ ಬಹಳ ಸಲ ಊರೇ ಆಗಿರುತ್ತೆ. ಅದರಲ್ಲೂ ಚಿತ್ರಾಪುರ ಸಾರಸ್ವತರಲ್ಲಿ ಇದು ತೀರಾ ಜಾಸ್ತಿ. ಮನೆಯಲ್ಲಿ ಕೊಂಕಣಿ ಆಡುವ ಈ ಜನ ಕೆಲಸಕ್ಕೆ, ಓದಿಗೆ ಅಂತ ಮುಂಬೈ, ಬೆಂಗಳೂರು, ಮದ್ರಾಸು ಸೇರಿದಾಗ ಬಿಟ್ಟುಬಂದ ಊರಿನ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಹೋದರು. ಇದನ್ನು ಪುಸ್ತಕ ನೋಡಿ ತಿಳಿಯೋದಕ್ಕಿಂತ ಬಸ್ಸಲ್ಲಿ ತಿಳಿಯೋದು ಚೆಂದ. ಕುಂದಾಪುರದಲ್ಲಿ ಭಟ್ಕಳದ ಕಡೆ ಹೋಗುವ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತುಕೊಳ್ಳಿ. ಕಂಡಕ್ಟರ್ ಕೂಗುತ್ತಾ ಹೋಗುತ್ತಾನೆ: ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಕಂಬದಕೋಣೆ, ಬೈಂದೂರು, ಶಿರೂರು. ಭಟ್ಕಳ ದಾಟಿದರೆ ಶಿರಾಲಿ, ಚಿತ್ರಾಪುರ ಮಠ ಇರುವ ಊರು. ಆ ಕಡೆಯೇ ಕಾಯ್ಕಿಣಿ. ಇದರಲ್ಲಿ ಅರ್ಧಕ್ಕರ್ಧ ನೀವು ಯಾರದೋ ಹೆಸರಿನ ಕೊನೆಯಲ್ಲಿ ಓದಿರುವಂಥವೇ ಅಲ್ವಾ? ಕಂಬದಕೋಣೆಯನ್ನೂ ಗಮನಿಸಿ. ಕೋಣೆ ಅಂತ ಮುಗಿಯುವ ಊರು ಆ ಸೀಮೆಯಲ್ಲಿ ಪಡುಕೋಣೆ ಒಂದೇ ಅಲ್ಲ.

ಹಾಗಾಗಿ ನಿಮ್ಮ ಪಟ್ಟಿಯ ಮೊದಲ ಸಾಲು ಯಾವಾಗಲೂ ಊರಿಗೆ. ಜನ ಆಮೇಲೆ. ಎಷ್ಟೇ ದೊಡ್ಡ ಸಿನಿಮಾ ತಾರೆಯಾಗಿರಲಿ, ಹೆಸರು ಕೊಟ್ಟಿದ್ದು ಊರು.

ಮೂರನೆಯದು, ಹೆಸರಿನ ಕೊನೆಯನ್ನಷ್ಟೇ ನೋಡಬೇಡಿ, ಮುಂದೆಯೂ ನೋಡಿ. ನಾನು ರಮಾನಂದರಾಯರನ್ನು ಬಿಟ್ಟಿದ್ದು ಇದರಿಂದಲೇ. ದಕ್ಷಿಣ ಕನ್ನಡದ ಹಳೆಯ ಪದ್ಧತಿಯಲ್ಲಿ ಊರು ಮೊದಲು, ಹೆಸರು ಆಮೇಲೆ. ಒಂದೇ ಕುಂಬಳೆಯನ್ನು ನೋಡಿ. ಅದು ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಊರು. ತಾಳಮದ್ದಳೆಯ ದೊಡ್ಡ ಅರ್ಥಧಾರಿ ಕುಂಬಳೆ ಸುಂದರ ರಾವ್ ಅವರಿಗೆ ಊರು ಮುಂದೆ ಬಂತು. ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದ ಅನಿಲ್ ಕುಂಬ್ಳೆಗೆ ಹಿಂದೆ ಬಂತು. ಬೆಂಗಳೂರಿನ ಎಂ.ಜಿ. ರಸ್ತೆ ಹತ್ತಿರದ ಸರ್ಕಲ್‌ಗೆ ಹೆಸರು ಬಂದಿದ್ದು ಎರಡನೆಯವರಿಂದ. ಯಕ್ಷಗಾನದವರನ್ನು ಹುಡುಕುವಾಗ ಇದು ತುಂಬಾ ನೆನಪಿಡಬೇಕು, ಅಲ್ಲಿ ಕಲಾವಿದರನ್ನು ಊರಿನಿಂದ, ಮನೆಯಿಂದ ಕರೆಯೋದೇ ರೂಢಿ.

ಇನ್ನು ಇನಿಷಿಯಲ್ಲು. ಹೆಸರು ಪೂರ್ತಿ ಮಾಯ ಆಗೋದು ಇಲ್ಲಿ. ಮಂಗಳೂರಿನ ಹಂಪನಕಟ್ಟೆ ಹತ್ತಿರ ಕೆ.ಎಸ್. ರಾವ್ ರಸ್ತೆ ಇದೆ. ದಿನಾ ಓಡಾಡುವವರಲ್ಲಿ ಎಷ್ಟು ಜನ 'ಕೆ' ಅಂದರೆ ಕಾರ್ನಾಡು ಅಂತ ಯೋಚಿಸಿದ್ದಾರೋ! ಕಾರ್ನಾಡು ಮೂಲ್ಕಿಯ ಹತ್ತಿರದ ಊರು. ಸ್ವಾತಂತ್ರ್ಯ ಹೋರಾಟಕ್ಕೆ ತನ್ನದೆಲ್ಲವನ್ನೂ ಕೊಟ್ಟ ಕಾರ್ನಾಡು ಸದಾಶಿವ ರಾವ್ ಹೆಸರಿನ ರಸ್ತೆ ಅದು. ಬೆಂಗಳೂರಿನ ಸದಾಶಿವನಗರವೂ ಅವರದೇ ಹೆಸರು. ಅಲ್ಲಂತೂ ಕಾರ್ನಾಡು ಒಂದಕ್ಷರವೂ ಉಳಿದಿಲ್ಲ. ಆದರೂ ಕಾರ್ನಾಡ್ ಪಟ್ಟಿ ಮಾಡುವವರು ಗಿರೀಶ ಕಾರ್ನಾಡರ ಜೊತೆಗೆ ಈ ರಸ್ತೆಯನ್ನೂ ಈ ಬಡಾವಣೆಯನ್ನೂ ಬರೆಯಲೇಬೇಕು. ಹಾಗೇ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ.ಎನ್. ರಾವ್. ಆ 'ಬಿ' ಬೆನಗಲ್. 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಈ ಬಿ.ಎನ್. ರಾವ್ ಅವರ ತಮ್ಮ. ಸಿನಿಮಾ ನಿರ್ದೇಶಕ ಶ್ಯಾಮ್ ಬೆನಗಲ್ ಬಂದ ಮೇಲಷ್ಟೇ ಆ ಊರಿನ ಹೆಸರು ಹೆಸರಿನ ಕೊನೆಗೆ ಬಂದು ಎಲ್ಲರ ಕಿವಿಗೂ ಬಿತ್ತು.

ಈಗ ಎಲ್ಲಕ್ಕಿಂತ ಕಷ್ಟದ್ದು. ಹೆಸರು ಬಿಟ್ಟವರು, ಕತ್ತರಿಸಿಕೊಂಡವರು, ಮದುವೆಯಾಗಿ ಬದಲಿಸಿಕೊಂಡವರು. ಇವರನ್ನು ಹುಡುಕೋಕೆ ಅಡ್ಡಹೆಸರು ಟೈಪ್ ಮಾಡಿದರೆ ಏನೂ ಸಿಗಲ್ಲ, ಆದರೆ ಇವರಿಲ್ಲದ ಪಟ್ಟಿ ಪಟ್ಟಿಯೇ ಅಲ್ಲ.

ಹಿಂದಿ ಸಿನಿಮಾ ನಿರ್ದೇಶಕ, ನಟ ಗುರುದತ್ತರನ್ನು ತೆಗೆದುಕೊಳ್ಳಿ. ಎಷ್ಟೋ ಜನ ಇವತ್ತಿಗೂ ಅವರನ್ನು ಬಂಗಾಳಿ ಅಂದುಕೊಂಡಿದ್ದಾರೆ. ಕಲ್ಕತ್ತಾದಲ್ಲಿ ಬೆಳೆದವರು, ದತ್ ಅಂತ ಬೇರೆ ಇದೆ, ಅಂದುಕೊಳ್ಳೋದು ಸಹಜ. ಆದರೆ ಅವರು ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ, ಹುಟ್ಟಿದಾಗಿನ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ತಂದೆ ಶಿವಶಂಕರ ರಾವ್ ಪಡುಕೋಣೆ, ತಾಯಿ ವಾಸಂತಿ. ತಮ್ಮ ಆತ್ಮಾರಾಮ್ ಸಿನಿಮಾ ನಿರ್ದೇಶಕರು, ತೆರೆಯ ಮೇಲೆ ಅವರ ಹೆಸರಲ್ಲೂ ಪಡುಕೋಣೆ ಇಲ್ಲ. ತಂಗಿ ಲಲಿತಾ ಚಿತ್ರ ಬರೆಯುತ್ತಿದ್ದರು, ಮದುವೆಯಾದ ಮೇಲೆ ಲಲಿತಾ ಲಾಜ್ಮಿ. ಅವರ ಮಗಳು ಸಿನಿಮಾ ನಿರ್ದೇಶಕಿ ಕಲ್ಪನಾ ಲಾಜ್ಮಿ. ನೋಡಿ, ಒಂದೇ ಮನೆಯ ಇಷ್ಟು ಜನ ಕಲೆಗೆ ಬಂದರು, ಪಡುಕೋಣೆ ಅಂತ ಹುಡುಕಿದರೆ ಒಬ್ಬರೂ ಸಿಗಲ್ಲ! ಇದು ಗೊತ್ತಾದ ದಿನ ನನಗೆ ನಿಜಕ್ಕೂ ಬೇಜಾರಾಯಿತು. ಸಿನಿಮಾ ಇತಿಹಾಸ ಬರೆಯುವಾಗ ಕುಂದಾಪುರದ ಕಡೆಯ ಆ ಪುಟ್ಟ ಊರಿಗೆ ಒಂದು ಸಾಲು ಸಿಗಬೇಕಿತ್ತು.

ಕತ್ತರಿಸಿಕೊಂಡವರಿಗೆ ಉದಾಹರಣೆ ನಮ್ಮ ಅನಂತನಾಗ್, ಶಂಕರನಾಗ್. ಅಡ್ಡಹೆಸರು ನಾಗರಕಟ್ಟೆ. ಅದು ನಾಗ್ ಆಗಿ ಕಟ್ಟೆ ಉದುರಿಹೋಯಿತು. ಮದುವೆಯಲ್ಲಿ ಬದಲಾದದ್ದಕ್ಕೆ ಸುಮನ್ ಕಲ್ಯಾಣಪುರ್ ಅವರಿಗಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಹುಟ್ಟಿದ್ದು 1937ರಲ್ಲಿ ಢಾಕಾದಲ್ಲಿ, ಹಾಡಿದ್ದು ಮುಂಬೈಯಲ್ಲಿ. ತವರಿನ ಅಡ್ಡಹೆಸರು ಹೆಮ್ಮಾಡಿ, ಗಂಡನ ಮನೆಯದು ಕಲ್ಯಾಣಪುರ. ಎರಡೂ ಉಡುಪಿ ಜಿಲ್ಲೆಯ ಊರುಗಳು! ಢಾಕಾದಲ್ಲಿ ಹುಟ್ಟಿದ ಮಗು ಒಂದು ಹೆದ್ದಾರಿ ಊರಿನ ಹೆಸರಿನಿಂದ ಅದೇ ಹೆದ್ದಾರಿಯ ಇನ್ನೊಂದು ಊರಿನ ಹೆಸರಿಗೆ ಬಂತು. ಹೆಂಗಸರ ವಿಷಯದಲ್ಲಿ ಹಾಗಾಗಿ ಎರಡೂ ಹೆಸರು ಬರೆದುಕೊಳ್ಳಿ, ತವರಿನದೂ ಗಂಡನ ಮನೆಯದೂ. ಒಂದನ್ನೇ ಬರೆದರೆ ಅರ್ಧ ವಂಶ ಕೈತಪ್ಪಿ ಹೋಗುತ್ತೆ.

ಇಲ್ಲಿಗೆ ಬಂದಾಗ ಒಂದು ಆಸೆ ಹುಟ್ಟುತ್ತೆ. ಎಲ್ಲರನ್ನೂ ಸಂಬಂಧಿಕರು ಮಾಡಿಬಿಡುವ ಆಸೆ. ದಯವಿಟ್ಟು ಮಾಡಬೇಡಿ. ಊರಿನ ಹೆಸರು ಒಂದೇ ಅಂದರೆ ಒಂದೇ ಊರಿನಿಂದ ಹೊರಟವರು ಅಂತ ಅಷ್ಟೇ ಅರ್ಥ. ಒಂದು ಊರಲ್ಲಿ ನೂರು ಮನೆ ಇರುತ್ತೆ, ಬೇರೆ ಬೇರೆ ಜಾತಿ, ಬೇರೆ ಬೇರೆ ಮಾತು ಇರುತ್ತೆ. ಪ್ರಕಾಶ್ ಪಡುಕೋಣೆಯನ್ನೂ ಗುರುದತ್ತರನ್ನೂ ಅಡ್ಡಹೆಸರು ನೋಡಿ ಅಣ್ಣತಮ್ಮಂದಿರ ಮಕ್ಕಳು ಅಂತ ಬರೆಯುವವರನ್ನು ನೋಡಿದ್ದೇನೆ. ವಂಶಾವಳಿ ಕೈಯಲ್ಲಿಲ್ಲದೆ ಹಾಗೆ ಬರೆಯುವುದು ಸರಿಯಲ್ಲ. ಇದಕ್ಕೆ ತದ್ವಿರುದ್ಧವಾಗಿ, ಗುರುದತ್ ಮತ್ತು ಶ್ಯಾಮ್ ಬೆನಗಲ್ ಅಡ್ಡಹೆಸರು ಬೇರೆ ಬೇರೆ, ಆದರೆ ನಿಜಕ್ಕೂ ಸಂಬಂಧಿಕರು. ಗುರುದತ್ತರ ತಾಯಿಯ ತಾಯಿ, ಬೆನಗಲ್ಲರ ತಂದೆಯ ತಾಯಿ ಅಕ್ಕತಂಗಿಯರು. ಅಜ್ಜಿಯಂದಿರ ದಾರಿಯಲ್ಲಿ ಬಂದ ನಂಟು ಅಡ್ಡಹೆಸರಿನಲ್ಲಿ ಎಲ್ಲಿ ಕಾಣಬೇಕು? ಅದಕ್ಕೇ ಮನೆಯ ಹಿರಿಯ ಹೆಂಗಸರನ್ನು ಕೇಳಿ. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ. ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಅನ್ನೋದು ಅವರ ತಲೆಯಲ್ಲಿ ಇರುವಷ್ಟು ಯಾವ ದಾಖಲೆಯಲ್ಲೂ ಇರಲ್ಲ. ಹಳೆಯ ಮದುವೆ ಕಾಗದಗಳನ್ನು ಎಸೆಯಬೇಡಿ, 'ಇವರ ದೌಹಿತ್ರಿ', 'ಇವರ ಪೌತ್ರ' ಅಂತ ಅದರಲ್ಲಿ ಮೂರು ತಲೆಮಾರು ಸಿಗುತ್ತೆ.

ಜನ ಆದ ಮೇಲೆ ಸಂಸ್ಥೆ, ಕಟ್ಟಡ. ಇದು ಸುಲಭ. 1994ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಅಕಾಡೆಮಿ ಇದೆ. ಬೆಂಗಳೂರಿನ ಹೊರವಲಯದಲ್ಲಿ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ ಇದೆ. ಇಲ್ಲಿ ನಾನು ಪಟ್ಟಿಯ ಅಂಚಿನಲ್ಲಿ ಇನ್ನೊಂದನ್ನು ಬರೆದುಕೊಂಡಿದ್ದೇನೆ, ಅದರಲ್ಲಿ ಪಡುಕೋಣೆ ಅಂತ ಇಲ್ಲದಿದ್ದರೂ. ಮಲ್ಲೇಶ್ವರದ ಕೆನರಾ ಯೂನಿಯನ್. ಕೆನರಾ ಸೀಮೆಯಿಂದ ಬಂದವರು ಕಟ್ಟಿಕೊಂಡ ಆ ಜಾಗದ ಮದುವೆ ಹಾಲ್‌ನಲ್ಲೇ ಹುಡುಗ ಪ್ರಕಾಶ್ ಬ್ಯಾಡ್ಮಿಂಟನ್ ಕಲಿತದ್ದು. ಮದುವೆ ಇದ್ದ ದಿನ ಆಟ ಇಲ್ಲ. ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, ಆಮೇಲೆ ಡೆನ್ಮಾರ್ಕಿನಲ್ಲಿ ನೆಲೆಸಿ ಆಡಿದರು, 1986ರಲ್ಲಿ ದೀಪಿಕಾ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ. ಊರಿನ ಹೆಸರು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯಬೇಕಾದರೆ ಇಂಥ ನಡುವಿನ ನಿಲ್ದಾಣಗಳನ್ನು ಬರೆದಿಟ್ಟುಕೊಳ್ಳಬೇಕು.

ಬರೆಯುವ ಕ್ರಮ ಸರಳವಾಗಿಡಿ. ಒಬ್ಬರಿಗೆ ಒಂದೇ ಸಾಲು. ಹೆಸರು, ಹುಟ್ಟಿದ ವರ್ಷ, ಏನು ಮಾಡಿದರು. ಅಷ್ಟೇ. ನನ್ನ ಪುಟ ಹೀಗಿದೆ:

ಪಡುಕೋಣೆ: ಉಡುಪಿ ಜಿಲ್ಲೆಯ ಊರು, ಸೌಪರ್ಣಿಕಾ ನದಿ ಬದಿ.
ಪಡುಕೋಣೆ ರಮಾನಂದ ರಾವ್: ಕನ್ನಡದ ಹಾಸ್ಯ ಲೇಖಕ.
ಗುರುದತ್ (ವಸಂತಕುಮಾರ ಶಿವಶಂಕರ ಪಡುಕೋಣೆ), 1925: ಹಿಂದಿ ಸಿನಿಮಾ ನಿರ್ದೇಶಕ, ನಟ.
ಪ್ರಕಾಶ್ ಪಡುಕೋಣೆ, 1955: ಬ್ಯಾಡ್ಮಿಂಟನ್ ಆಟಗಾರ.
ದೀಪಿಕಾ ಪಡುಕೋಣೆ, 1986: ಸಿನಿಮಾ ನಟಿ.

ಕೆಳಗೆ ಗೆರೆ ಎಳೆದು ಸಂಸ್ಥೆಗಳು. ಹೊಗಳಿಕೆ ಬೇಡ, 'ಖ್ಯಾತ', 'ಹೆಮ್ಮೆಯ' ಯಾವುದೂ ಬೇಡ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸೋಕೆ ಎಷ್ಟು ಬೇಕೋ ಅಷ್ಟೇ ಸಾಕು. ಸಾರ್ವಜನಿಕರಲ್ಲದವರ ಹೆಸರು, ಫೋನ್ ನಂಬರು, ಮನೆ ವಿಳಾಸ ಪಟ್ಟಿಯಲ್ಲಿ ಹಾಕಬೇಡಿ. ಅದು ನಿಮ್ಮ ಮನೆಯ ವಂಶಾವಳಿಗೆ ಬೇಕಾದರೆ ಬೇರೆ ಪುಸ್ತಕದಲ್ಲಿ, ಅವರನ್ನು ಕೇಳಿ ಬರೆಯಿರಿ. ಸಾಲುಗಳ ನಡುವೆ ಜಾಗ ಬಿಡಿ, ಯಾಕೆಂದರೆ ತೋರಿಸಿದ ಕೂಡಲೇ ಯಾರಾದರೂ "ಇವರನ್ನ ಬಿಟ್ರಲ್ಲ" ಅನ್ನುತ್ತಾರೆ.

ಆಮೇಲೆ ಸಾಧ್ಯವಾದರೆ ಒಂದು ಸಲ ಊರಿಗೆ ಹೋಗಿ ಬನ್ನಿ. ಪಡುಕೋಣೆಗಾದರೆ ಮರವಂತೆಯಲ್ಲಿ ಇಳಿಯಿರಿ. ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಎಲ್ಲರೂ ಕಡಲಿನ ಕಡೆ ಮುಖ ಮಾಡಿ ಫೋಟೋ ತೆಗೆಯುತ್ತಿರುತ್ತಾರೆ. ನೀವು ತಿರುಗಿ ನದಿಯ ಕಡೆ ನೋಡಿ, ಅಲ್ಲೇ ಯಾರನ್ನಾದರೂ ದಾರಿ ಕೇಳಿ. ಅವರು ಆ ಹೆಸರನ್ನು ಬಾಯಲ್ಲಿ ಹೇಗೆ ಹೇಳುತ್ತಾರೆ ಅಂತ ಕಿವಿಗೊಟ್ಟು ಕೇಳಿಸಿಕೊಂಡು, ನಿಮ್ಮ ಮೊದಲ ಸಾಲಿನ ಪಕ್ಕದಲ್ಲಿ ಅದನ್ನೂ ಬರೆದುಕೊಳ್ಳಿ.