ಗ್ರ್ಯಾಂಡ್ ಕ್ಯಾನ್ಯನ್ ಚಾರಣ: ಮೊದಲು ಹತ್ತುವ ಲೆಕ್ಕ, ಆಮೇಲೆ ಪರ್ಮಿಟ್

ಕುಮಾರಪರ್ವತ, ಮುಳ್ಳಯ್ಯನಗಿರಿ ಹತ್ತಿ ರೂಢಿಯಾದವರ ಕ್ರಮ ಒಂದೇ. ಬೆಳಿಗ್ಗೆ ಮೈಯಲ್ಲಿ ಕಸುವಿರುವಾಗ ಏರುವುದು, ದಣಿದ ಮೇಲೆ ಇಳಿಯುವುದು. ಸಾಕೆನಿಸಿದರೆ ಅರ್ಧ ದಾರಿಯಲ್ಲೇ ಹಿಂದಿರುಗಿದರೂ ಆಯಿತು, ಇಳಿಜಾರು ತಾನಾಗಿ ಕರೆದುಕೊಂಡು ಬರುತ್ತದೆ. ಅಮೆರಿಕದ ಅರಿಜೋನಾದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಇದೆಲ್ಲ ತಲೆಕೆಳಗು. ಕಾರು ನಿಲ್ಲಿಸುವ ಸೌತ್ ರಿಮ್, ಅಂದರೆ ಕಮರಿಯ ದಕ್ಷಿಣದ ಅಂಚು, ಸುಮಾರು 2,100 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಕೊಲೊರಾಡೊ ನದಿ ಅಲ್ಲಿಂದ ಸುಮಾರು 1,400 ಮೀಟರ್ ಕೆಳಗೆ ಹರಿಯುತ್ತದೆ. ಇಳಿಯುವಾಗ ಕಾಲು ಹಗುರ, ಗಾಳಿ ತಂಪು, ಫೋಟೊಗಳಿಗೆ ಲೆಕ್ಕವಿಲ್ಲ. ಸುಸ್ತು ಗೊತ್ತಾಗುವ ಹೊತ್ತಿಗೆ ಎದುರಿಗಿರುವುದು ಬರೀ ಏರು, ನೆತ್ತಿಯ ಮೇಲೆ ಮಧ್ಯಾಹ್ನದ ಬಿಸಿಲು. ಹಾಗಾಗಿ ಪರ್ಮಿಟ್ ಬಗ್ಗೆ ಯೋಚಿಸುವ ಮೊದಲು ಎಷ್ಟು ಹತ್ತಬಲ್ಲೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ದಾರಿ ಯಾವುದು, ತಿರುಗುವುದೆಲ್ಲಿ?

ಮೊದಲ ಸಲದವರಿಗೆ ಎರಡು ದಾರಿ ಗೊತ್ತಿದ್ದರೆ ಸಾಕು: ಬ್ರೈಟ್ ಏಂಜಲ್ ಮತ್ತು ಸೌತ್ ಕೈಬ್ಯಾಬ್. ಬ್ರೈಟ್ ಏಂಜಲ್‌ನಲ್ಲಿ 2.4 ಮತ್ತು 4.8 ಕಿಲೋಮೀಟರಿಗೆ ಒಂದೊಂದು ತಂಗುಮನೆ, 7.2 ಕಿಲೋಮೀಟರಿಗೆ ಮರಗಳ ನೆರಳಿರುವ ಹವಸುಪೈ ಗಾರ್ಡನ್ಸ್ ಸಿಗುತ್ತವೆ. ಹಳೆಯ ನಕ್ಷೆಗಳಲ್ಲಿ ಈ ಜಾಗಕ್ಕೆ ‘ಇಂಡಿಯನ್ ಗಾರ್ಡನ್’ ಎಂದಿರುತ್ತದೆ. ಇಲ್ಲಿ ನೆಲೆಸಿದ್ದ ಹವಸುಪೈ ಎಂಬ ಮೂಲನಿವಾಸಿ ಜನರನ್ನು ಹಿಂದೆ ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದವರೇ ಹೊರಹಾಕಿದ್ದರು. 2022ರಲ್ಲಿ ಅವರದೇ ಹೆಸರು ಜಾಗಕ್ಕೆ ಬಂತು. ಸೌತ್ ಕೈಬ್ಯಾಬ್ ದಾರಿ ಚಿಕ್ಕದು, ನೋಟವೂ ಚೆಂದ. ಆದರೆ ದಾರಿಯುದ್ದಕ್ಕೂ ಹನಿ ನೀರು ಸಿಗುವುದಿಲ್ಲ, ನೆರಳೂ ಇಲ್ಲವೆನ್ನುವಷ್ಟು ಕಡಿಮೆ. ಅದು ಶುರುವಾಗುವಲ್ಲಿಗೆ ಖಾಸಗಿ ಕಾರು ಬಿಡುವುದಿಲ್ಲ, ಉದ್ಯಾನದ ಉಚಿತ ಬಸ್ಸಿನಲ್ಲಿ ಹೋಗಬೇಕು.

ಕೆಳಗೆ ಉಳಿಯುವವರು ಸಾಮಾನ್ಯವಾಗಿ ಕೈಬ್ಯಾಬ್‌ನಲ್ಲಿ ಇಳಿದು ಬ್ರೈಟ್ ಏಂಜಲ್‌ನಲ್ಲಿ ಹತ್ತುತ್ತಾರೆ. ನೀರು, ನೆರಳು ಬೇಕಾಗುವುದು ಹತ್ತುವಾಗಲೇ ಅಲ್ಲವೇ? ಒಂದೇ ದಿನಕ್ಕೆ ಬಂದವರಿಗೆ ಕೈಬ್ಯಾಬ್‌ನ ಸೀಡರ್ ರಿಡ್ಜ್ (2.4 ಕಿ.ಮೀ.) ಅಥವಾ ಬ್ರೈಟ್ ಏಂಜಲ್‌ನ ಮೊದಲ ತಂಗುಮನೆ ಸಾಕು. ಒಂದೇ ದಿನದಲ್ಲಿ ನದಿ ಮುಟ್ಟಿ ಬರುತ್ತೇವೆಂದು ಹೊರಡಬೇಡಿ ಎಂದು ಉದ್ಯಾನದವರು ಎಚ್ಚರಿಸುತ್ತಲೇ ಇರುತ್ತಾರೆ. ಸಮಯದ ಲೆಕ್ಕವೂ ಸರಳ: ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು.

ಪರ್ಮಿಟ್ ಯಾರಿಗೆ ಬೇಕು?

ಬೆಳಿಗ್ಗೆ ಇಳಿದು ಸಂಜೆಯೊಳಗೆ ಮೇಲೆ ಬರುವವರಿಗೆ ಉದ್ಯಾನದ ಪ್ರವೇಶ ಶುಲ್ಕ ಬಿಟ್ಟರೆ ಬೇರೇನೂ ಬೇಡ. ಅಂಚಿನ ಕೆಳಗೆ ಟೆಂಟ್ ಹಾಕಿ ರಾತ್ರಿ ಕಳೆಯುವವರಿಗೆ ಮಾತ್ರ ‘ಬ್ಯಾಕ್‌ಕಂಟ್ರಿ ಪರ್ಮಿಟ್’ ಕಡ್ಡಾಯ. ಅದಕ್ಕೆ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ, ಹೋಗುವ ತಿಂಗಳಿಗೆ ನಾಲ್ಕೈದು ತಿಂಗಳು ಮೊದಲೇ ಲಾಟರಿಗೆ ಹೆಸರು ಹಾಕಬೇಕು. ಹತ್ತು ಡಾಲರ್ ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಹಲವರು ಎಡವುವುದು ಇಲ್ಲೇ. ಲಾಟರಿ ಹೊಡೆದರೆ ಪರ್ಮಿಟ್ ಸಿಕ್ಕಿತೆಂದಲ್ಲ. ಉಳಿದವರಿಗಿಂತ ಮೊದಲು ಬುಕ್ ಮಾಡಲು ಒಂದು ಸಮಯ ಸಿಕ್ಕಿತೆಂದಷ್ಟೇ ಅರ್ಥ. ಆ ಹೊತ್ತಿಗೆ ಲಾಗಿನ್ ಆಗಿ ಯಾವ ರಾತ್ರಿ ಯಾವ ಕ್ಯಾಂಪ್ ಎಂದು ಆರಿಸಿ ಹಣ ಕಟ್ಟಿದರೆ ಮಾತ್ರ ಕೆಲಸ ಮುಗಿಯುತ್ತದೆ. ಹಾಗಾಗಿ ಎರಡು ಮೂರು ಪರ್ಯಾಯ ಯೋಜನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಲಾಟರಿಯವರು ಬಿಟ್ಟದ್ದು ಆಮೇಲೆ ಎಲ್ಲರಿಗೂ ತೆರೆಯುತ್ತದೆ. ಆರು ಜನರವರೆಗೆ ಸಣ್ಣ ಗುಂಪು, ಏಳರಿಂದ ಹನ್ನೊಂದು ದೊಡ್ಡ ಗುಂಪು. ದೊಡ್ಡ ಗುಂಪಿಗೆ ಜಾಗ ತೀರಾ ಕಡಿಮೆ, ಆದ್ದರಿಂದ ಇಡೀ ಗೆಳೆಯರ ಬಳಗವನ್ನು ಕಟ್ಟಿಕೊಂಡು ಹೋಗುವ ಆಸೆ ಬಿಡುವುದೇ ಜಾಣತನ.

ಟೆಂಟ್ ಹೊರಲಾರೆವು ಎನ್ನುವವರಿಗೆ ಕಮರಿಯ ತಳದಲ್ಲಿ 1922ರ ಕಾಲದ ಫ್ಯಾಂಟಮ್ ರ‍್ಯಾಂಚ್ ಇದೆ. ಅಲ್ಲಿ ಕೋಣೆ ಅಥವಾ ಹಾಸಿಗೆ ಸಿಕ್ಕಿದರೆ ಪರ್ಮಿಟ್ ಬೇಡ. ಆದರೆ ಅದಕ್ಕೆ ಬೇರೆಯೇ ಲಾಟರಿ, ಅದೂ ಒಂದು ವರ್ಷಕ್ಕೂ ಮೊದಲು.

ವಾಟ್ಸ್ಯಾಪ್‌ನಲ್ಲಿ ಓಡಾಡುವ ನೀಲಿಹಸಿರು ಜಲಪಾತದ ಚಿತ್ರ ನೋಡಿ ಹೊರಟವರಿಗೆ ಒಂದು ಮಾತು. ಅದು ಹವಾಸು ಜಲಪಾತ, ಇರುವುದು ಹವಸುಪೈ ಜನರ ನೆಲದಲ್ಲಿ. ಉದ್ಯಾನದ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ, ಅವರದನ್ನೇ ಪಡೆಯಬೇಕು. ಒಂದೇ ದಿನದಲ್ಲಿ ಹೋಗಿಬರಲು ಅವರು ಬಿಡುವುದಿಲ್ಲ.

ಬಿಸಿಲು, ನೀರು, ಉಪ್ಪು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮೇಲೆ ಹಿತವಾಗಿದ್ದರೂ ತಳದಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಡೆಯಲೇಬಾರದು. ಚಳಿಗಾಲದಲ್ಲಿ ದಾರಿಯ ಮೇಲ್ಭಾಗ ಮಂಜುಗಡ್ಡೆ ಕಟ್ಟುವುದರಿಂದ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಬೇಕಾಗುತ್ತದೆ.

ನೀರು ಕುಡಿಯಿರಿ ಎಂದು ಎಲ್ಲರೂ ಹೇಳುತ್ತಾರೆ, ತಿನ್ನಿ ಎಂದು ಹೇಳುವವರು ಕಡಿಮೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಗೊಂದಲ ಶುರುವಾಗಿ ಜೀವಕ್ಕೇ ಕುತ್ತು ಬರಬಹುದು. ಕೋಡುಬಳೆ, ಖಾರದ ಅವಲಕ್ಕಿ, ಹುರಿದ ಕಡಲೆ ಇದಕ್ಕೆ ಹೇಳಿ ಮಾಡಿಸಿದ ತಿಂಡಿಗಳು. ದಾರಿಯ ನಲ್ಲಿಗಳಿಗೆ ನೀರು ತರುವ ಪೈಪ್ 1960ರ ದಶಕದ್ದು, ಆಗಾಗ ಒಡೆಯುತ್ತದೆ. ಹೊರಡುವ ಹಿಂದಿನ ದಿನ ರೇಂಜರ್‌ಗಳ ಬಳಿ ಯಾವ ನಲ್ಲಿಯಲ್ಲಿ ನೀರಿದೆ ಎಂದು ಕೇಳಿ, ಆಮೇಲೆ ಬಾಟಲಿ ಎಣಿಸಿ.

ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ, ಮಂಡಿನೋವಿದ್ದರೂ ಅವರು ಅಂಚಿನ ಮೇಲಿನ ರಿಮ್ ಟ್ರೇಲ್‌ನಲ್ಲಿ ಆರಾಮವಾಗಿ ಅಡ್ಡಾಡಬಹುದು. ಬಹುಪಾಲು ಸಮತಟ್ಟಾದ ದಾರಿ, ನಡುನಡುವೆ ಬಸ್ ನಿಲ್ದಾಣಗಳೂ ಇವೆ. ಕೆಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಯಾವ ದಾರಿ, ಎಲ್ಲಿಯವರೆಗೆ, ಎಷ್ಟು ಗಂಟೆಗೆ ಮೇಲೆ ಬರುತ್ತೀರಿ, ಆ ಹೊತ್ತು ಮೀರಿದರೆ ರೇಂಜರ್‌ಗೆ ಹೇಗೆ ತಿಳಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟು ಇಳಿಯಿರಿ.