ನ್ಯೂಟ್ರಲ್ ತಂತಿಯ ಗಾತ್ರವನ್ನು ನಿರ್ಧರಿಸುವುದು ಹೇಗೆ?

ಕರೆಂಟು ತರುವ ಫೇಸ್ ತಂತಿಗಳನ್ನು ಲೆಕ್ಕ ಹಾಕಿ ಎಳೆದು, ಅದು ಹಿಂದಿರುಗುವ ನ್ಯೂಟ್ರಲ್‌ಗೆ ಮಾತ್ರ ಕೈಗೆ ಸಿಕ್ಕ ತಂತಿಯನ್ನು ಜೋಡಿಸಿರುವ ಮೂರು ಫೇಸ್ ಬೋರ್ಡುಗಳನ್ನು ನಾನು ಹಲವು ಕಡೆ ನೋಡಿದ್ದೇನೆ. ಅಂಥ ಒಂದು ಬೋರ್ಡನ್ನು ಬಿಚ್ಚಿದಾಗ ಫೇಸ್ ತಂತಿಗಳು ಹೊಸದರಂತೆಯೇ ಇದ್ದವು. ಕಪ್ಪು ನ್ಯೂಟ್ರಲ್ ತಂತಿಯ ಹೊದಿಕೆಯೋ ಲಿಂಕ್‌ನಿಂದ (ನ್ಯೂಟ್ರಲ್ ತಂತಿಗಳನ್ನು ಸೇರಿಸುವ ಲೋಹದ ಪಟ್ಟಿ) ನಾಲ್ಕು ಬೆರಳು ದೂರದವರೆಗೆ ಬಿರುಸಾಗಿ, ಮುಟ್ಟಿದರೆ ಉದುರುತ್ತಿತ್ತು.

ಸಿಂಗಲ್ ಫೇಸ್ ಸಂಪರ್ಕವಾದರೆ ಲೆಕ್ಕವೇ ಬೇಡ. ಫೇಸ್ ಎಷ್ಟು ದಪ್ಪವೋ ನ್ಯೂಟ್ರಲ್ ಕೂಡ ಅಷ್ಟೇ ದಪ್ಪವಿರಬೇಕು.

ಮೂರು ಫೇಸ್ ಸಂಪರ್ಕದಲ್ಲಿ ಮೊದಲು ಪ್ರತಿ ಫೇಸಿನ ಲೋಡನ್ನು ಆಂಪಿಯರ್‌ಗಳಲ್ಲಿ ಬರೆದುಕೊಳ್ಳಿ. ಆರ್ (ಕೆಂಪು) ಫೇಸಿನಲ್ಲಿ 30, ವೈನಲ್ಲಿ (ಹಳದಿ) 20, ಬಿಯಲ್ಲಿ (ನೀಲಿ) 10 ಆಂಪಿಯರ್ ಇದ್ದು, ಮೂರೂ ಹೀಟರ್‌ನಂಥ ಲೋಡುಗಳಾಗಿದ್ದರೆ, ಮೂರರ ಕರೆಂಟುಗಳು ಪರಸ್ಪರ ಭಾಗಶಃ ಕಳೆದುಹೋಗಿ ನ್ಯೂಟ್ರಲ್‌ನಲ್ಲಿ ಹರಿಯುವುದು ಸುಮಾರು 17.3 ಆಂಪಿಯರ್ ಮಾತ್ರ. ಎಡವುವುದು ಇಲ್ಲಿಯೇ. ಈ ಅಂಕಿಯನ್ನು ನಂಬಿ ತಂತಿ ಆರಿಸಬಾರದು, ಏಕೆಂದರೆ ವೈ ಮತ್ತು ಬಿ ಫೇಸಿನ ಉಪಕರಣಗಳನ್ನು ಆಫ್ ಮಾಡಿದ ಗಳಿಗೆಯಲ್ಲಿ ಆರ್ ಫೇಸಿನ 30 ಆಂಪಿಯರ್ ಪೂರ್ತಿಯಾಗಿ ನ್ಯೂಟ್ರಲ್ ಮೂಲಕವೇ ಹಿಂದಿರುಗುತ್ತದೆ. ನಮ್ಮ ಮನೆಗಳಲ್ಲಿ ಫೇಸ್ ಸೆಲೆಕ್ಟರ್ ಸ್ವಿಚ್‌ಗಳೂ ಇರುತ್ತವೆ: ಎರಡು ಫೇಸ್ ಹೋದಾಗ ಮನೆಯವರು ಎಲ್ಲವನ್ನೂ ಉಳಿದ ಒಂದೇ ಫೇಸಿಗೆ ತಿರುಗಿಸುತ್ತಾರೆ, ಆಗ ಪರಸ್ಪರ ಕಳೆದುಹೋಗುತ್ತಿದ್ದ ಕರೆಂಟುಗಳು ನ್ಯೂಟ್ರಲ್‌ನಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದ ಅತಿ ಹೆಚ್ಚು ಲೋಡ್ ಹೊರುವ ಫೇಸಿನ ತಂತಿಗಿಂತ ನ್ಯೂಟ್ರಲ್ ಎಂದಿಗೂ ಸಣ್ಣದಿರಬಾರದು.

ಮೂರೂವರೆ ಕೋರ್ ಕೇಬಲ್ ಅಗ್ಗವೆಂದು ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ಫೇಸ್ 35 ಚದರ ಮಿ.ಮೀ. ಇದ್ದರೆ ನ್ಯೂಟ್ರಲ್ 16 ಮಾತ್ರ. ಮೋಟರುಗಳೇ ಹೆಚ್ಚಿರುವ ಕಾರ್ಖಾನೆಗೆ ಅದು ಸರಿ. ಮನೆ, ಅಂಗಡಿ, ಕಚೇರಿಗಳಿಗೆ ನಾಲ್ಕೂ ತಂತಿ ಒಂದೇ ದಪ್ಪವಿರುವ ನಾಲ್ಕು ಕೋರ್ ಕೇಬಲನ್ನೇ ಹಾಕಿಸಿ.

ಎಲ್‌ಇಡಿ ದೀಪ, ಕಂಪ್ಯೂಟರ್, ಯುಪಿಎಸ್‌ಗಳು ತುಂಬಿರುವ ಕಟ್ಟಡದಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಇವು 50 ಹರ್ಟ್ಸ್ ಜೊತೆಗೆ ಅದರ ಮೂರು ಪಟ್ಟು, ಅಂದರೆ 150 ಹರ್ಟ್ಸ್‌ನ ಮೂರನೇ ಹಾರ್ಮೋನಿಕ್ ಕರೆಂಟನ್ನೂ ಎಳೆಯುತ್ತವೆ, ಮತ್ತು ಮೂರೂ ಫೇಸಿನ ಆ ಕರೆಂಟುಗಳು ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಅಳಿಸದೆ ಕೂಡುತ್ತವೆ. ಪ್ರತಿ ಫೇಸಿನಲ್ಲಿ 30 ಆಂಪಿಯರ್ ಇದ್ದು ಅದರ ಶೇ 40ರಷ್ಟು ಮೂರನೇ ಹಾರ್ಮೋನಿಕ್ ಆದರೆ, ಲೋಡ್ ಸಮನಾಗಿದ್ದರೂ ನ್ಯೂಟ್ರಲ್‌ನಲ್ಲಿ 36 ಆಂಪಿಯರ್ ಹರಿಯುತ್ತದೆ. ಕಟ್ಟಡಗಳ ವೈರಿಂಗ್‌ಗಿರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರ ಪ್ರಕಾರ ಅದನ್ನು 0.86ರಿಂದ ಭಾಗಿಸಿ, ಸುಮಾರು 42 ಆಂಪಿಯರ್ ಹೊರಬಲ್ಲ ಕೇಬಲನ್ನು ಆರಿಸಬೇಕು.

ಎರಡು ಸರ್ಕ್ಯೂಟುಗಳಿಗೆ ಒಂದೇ ನ್ಯೂಟ್ರಲ್ ಎಳೆಯುವ ಅಡ್ಡದಾರಿಗೆ ಒಪ್ಪಲೇಬೇಡಿ. ಎರಡೂ ಒಂದೇ ಫೇಸಿನಲ್ಲಿದ್ದರೆ ಎರಡರ ಕರೆಂಟೂ ಆ ಒಂದು ತಂತಿಯ ಮೇಲೆ ಬೀಳುತ್ತದೆ, ಆದರೆ ಕರೆಂಟು ಮಿತಿ ಮೀರಿದಾಗ ಸರ್ಕ್ಯೂಟ್ ಕಡಿಯುವ ಎಂಸಿಬಿಗಳು ತಂತಮ್ಮ ಫೇಸ್ ತಂತಿಯನ್ನಷ್ಟೇ ಕಾಯುವುದರಿಂದ ಯಾವುದೂ ಟ್ರಿಪ್ ಆಗುವುದಿಲ್ಲ.

ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದಲೇ, ಸರಬರಾಜು ನಿಲ್ಲಿಸಿ ಮಾಡಿಸಿ. ನ್ಯೂಟ್ರಲ್‌ಗೆ ಫ್ಯೂಸ್ ಹಾಕಕೂಡದು. ತಂತಿಗೊಂದೇ ಸ್ಕ್ರೂ ಇರುವ ತೆಳು ಹಿತ್ತಾಳೆಯ ಲಿಂಕ್‌ಗಳು ಬೇಡ, ಎರಡು ಸ್ಕ್ರೂಗಳದ್ದನ್ನೇ ಕೊಳ್ಳಿ. ಮುಖ್ಯ ನ್ಯೂಟ್ರಲ್ ಸಡಿಲಗೊಂಡು ಕಳಚಿದರೆ 230 ವೋಲ್ಟಿನ ಫ್ರಿಜ್, ಟಿವಿಗಳ ಮೇಲೆ 400 ವೋಲ್ಟಿನವರೆಗೂ ಬರಬಹುದು.

ಕೆಲಸ ಮುಗಿದ ಮೇಲೆ, ಸಂಜೆ ಲೋಡ್ ಏರಿದ ಹೊತ್ತಿನಲ್ಲಿ ಮೂರು ಫೇಸ್ ಮತ್ತು ನ್ಯೂಟ್ರಲ್‌ನ ಕರೆಂಟನ್ನು ಕ್ಲ್ಯಾಂಪ್ ಮೀಟರಿನಿಂದ ಅಳೆಯಿಸಿ, ನಾಲ್ಕೂ ಅಂಕಿಗಳನ್ನು ದಿನಾಂಕದೊಂದಿಗೆ ಬೋರ್ಡಿನ ಬಾಗಿಲ ಒಳಮೈಯಲ್ಲಿ ಬರೆಸಿಡಿ.