ಎರಡು ಸಾವಿರ ಲಿಂಕುಗಳಿಂದ ನೂರ ಎಂಬತ್ತಕ್ಕೆ

ಹಾಸನದಲ್ಲಿ ನನ್ನದೊಂದು ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿಯಿದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅಲ್ಲಿಯೇ ಕುಳಿತು 2009ರಲ್ಲಿ ನಾನು ಜಾಲತಾಣಗಳ ಲಿಂಕ್ ಡೈರೆಕ್ಟರಿಯೊಂದನ್ನು, ಅಂದರೆ ಬೇರೆ ತಾಣಗಳ ವಿಳಾಸಗಳನ್ನು ಪಟ್ಟಿ ಮಾಡಿಡುವ ತಾಣವೊಂದನ್ನು, ಆರಂಭಿಸಿದೆ. ಆಗ ನನ್ನ ಕಣ್ಣ ಮುಂದೆ ಎರಡು ಮಾದರಿಗಳಿದ್ದವು. 1994ರಲ್ಲಿ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದ ಯಾಹೂ ಡೈರೆಕ್ಟರಿ ಒಂದು. 1998ರಿಂದ ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದ ಡಿಮೋಜ್ ಇನ್ನೊಂದು. ವ್ಯಾಪಾರದ ತಾಣಗಳಿಂದ ಯಾಹೂ ವರ್ಷಕ್ಕೆ 299 ಡಾಲರ್ ಪಡೆಯುತ್ತಿತ್ತು. ಅಷ್ಟು ಹಣ ತೆತ್ತು ಹೆಸರು ಸೇರಿಸುವವರು ಇರುವಾಗ, ಕರ್ನಾಟಕದ್ದೇ ಒಂದು ಪಟ್ಟಿ ಮಾಡಿದರೆ 200 ರೂಪಾಯಿ ಕೊಡುವವರು ಸಿಗದೇ ಇರುತ್ತಾರೆಯೇ ಎಂಬುದು ನನ್ನ ಲೆಕ್ಕವಾಗಿತ್ತು.

ಕೊಡುವವರು ಸಿಕ್ಕರು, ಆದರೆ ಅವರಿಗೆ ಬೇಕಾಗಿದ್ದದ್ದು ನನ್ನ ಓದುಗರಲ್ಲ. ಆ ದಿನಗಳಲ್ಲಿ ಒಂದು ತಾಣಕ್ಕೆ ಹೊರಗಿನಿಂದ ಎಷ್ಟು ಲಿಂಕುಗಳು ಬರುತ್ತವೆ ಎಂಬುದರ ಮೇಲೆ ಗೂಗಲ್‌ನಲ್ಲಿ ಅದರ ಸ್ಥಾನ ಬಹಳಮಟ್ಟಿಗೆ ನಿಂತಿತ್ತು. ಆದ್ದರಿಂದ ದಿಲ್ಲಿ, ಮುಂಬಯಿಗಳ ಕಂಪನಿಗಳಿಂದ ಹಿಡಿದು ಎಲ್ಲೋ ಇರುವ ಸಾಲದ ಮಧ್ಯವರ್ತಿಗಳವರೆಗೆ ಎಲ್ಲರೂ ಬಂದು ತಮ್ಮ ವಿಳಾಸ ಸೇರಿಸತೊಡಗಿದರು. ಮೂರು ವರ್ಷಗಳಲ್ಲಿ ಪಟ್ಟಿ ಎರಡು ಸಾವಿರ ದಾಟಿತು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆಯನ್ನು ತಂದು, ಸ್ಥಾನಕ್ಕಾಗಿಯೇ ಕಟ್ಟಿಸಿಕೊಂಡ ಲಿಂಕುಗಳನ್ನು ದಂಡಿಸಲು ಆರಂಭಿಸಿತು. ಗೂಗಲ್‌ನಿಂದ ನನ್ನ ತಾಣಕ್ಕೆ ಬರುತ್ತಿದ್ದವರ ಸಂಖ್ಯೆ ಕೆಲವೇ ವಾರಗಳಲ್ಲಿ ಕುಸಿಯಿತು. ಸೇರಿಸಿ ಎಂದು ಹಣ ಕಳುಹಿಸಿದ್ದವರೇ ಈಗ ತಮ್ಮ ಲಿಂಕನ್ನು ದಯವಿಟ್ಟು ತೆಗೆದುಹಾಕಿ ಎಂದು ಪತ್ರ ಬರೆಯತೊಡಗಿದರು.

ಕೈಬಿಡುವ ಮೊದಲು ಸರ್ವರ್‌ನ ಲಾಗ್, ಅಂದರೆ ಓದುಗರು ಏನೇನು ಒತ್ತಿದರೆಂಬ ದಾಖಲೆ, ತೆರೆದು ನೋಡಿದೆ. ಹಿಂದಿನ ಒಂದು ವರ್ಷದಲ್ಲಿ ಬಹುಪಾಲು ಲಿಂಕುಗಳನ್ನು ಒಬ್ಬರೂ ಒತ್ತಿರಲಿಲ್ಲ. ಜನ ಒತ್ತಿದ್ದದ್ದು ಒಂದು ಮೂಲೆಯಲ್ಲಿ ನಾನು ಹಣವಿಲ್ಲದೆ, ನನ್ನ ಅಂಗಡಿಯ ಅನುಕೂಲಕ್ಕೆಂದು ಹಾಕಿಟ್ಟಿದ್ದ ಹದಿನೈದಿಪ್ಪತ್ತು ವಿಳಾಸಗಳನ್ನು ಮಾತ್ರ: ಪಹಣಿ ನೋಡುವ ಭೂಮಿ ತಾಣ, ಜಾತಿ-ಆದಾಯ ಪ್ರಮಾಣಪತ್ರದ ನಾಡಕಚೇರಿ, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಫಲಿತಾಂಶದ ತಾಣ, ಸಿಇಟಿಗಾಗಿ ಪರೀಕ್ಷಾ ಪ್ರಾಧಿಕಾರದ ತಾಣ. ಅಂಗಡಿಗೆ ಬರುವವರು ದಿನಾ ಕೇಳುತ್ತಿದ್ದದ್ದೂ ಇವನ್ನೇ. ಉಳಿದದ್ದರಲ್ಲಿ ಬಹುತೇಕ ಎಲ್ಲವನ್ನೂ 2013ರಲ್ಲಿ ಅಳಿಸಿದೆ. ಹಣ ಕೊಟ್ಟಿದ್ದವರಲ್ಲಿ ಅವಧಿ ಉಳಿದಿದ್ದ ಕೆಲವರಿಗೆ ಹಣ ಹಿಂದಿರುಗಿಸಿದೆ. ಬಹುತೇಕ ಕರ್ನಾಟಕದ ಜನ ಬಳಸುವ ಸರ್ಕಾರಿ ಸೇವೆಗಳ ಅಧಿಕೃತ ವಿಳಾಸಗಳೇ, ಕನ್ನಡ ವಿವರಣೆಯೊಂದಿಗೆ: ಅಂದಿನಿಂದ ನನ್ನ ಡೈರೆಕ್ಟರಿ ಇಷ್ಟೇ. ಈಗ ಅದರಲ್ಲಿ ಸುಮಾರು ನೂರ ಎಂಬತ್ತು ಲಿಂಕುಗಳಿವೆ.

ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ವಿಳಾಸಕ್ಕೆ ಡೈರೆಕ್ಟರಿ ಏಕೆ ಬೇಕು ಎಂದು ಅನೇಕರು ಕೇಳಿದ್ದಾರೆ. ಉತ್ತರ ವಿಳಾಸದಲ್ಲಿಲ್ಲ, ವಿಳಾಸದ ಕೆಳಗೆ ನಾನು ಬರೆಯುವ ಎರಡು ಮೂರು ಸಾಲುಗಳಲ್ಲಿದೆ. ಪಹಣಿಯ ಲಿಂಕಿನ ಕೆಳಗೆ ಮೊದಲು ‘ಕಂದಾಯ ಇಲಾಖೆಯ ಭೂದಾಖಲೆಗಳ ತಾಣ’ ಎಂದಷ್ಟೇ ಬರೆದಿದ್ದೆ. ಈಗ ಅಲ್ಲಿರುವುದು ಹೀಗೆ: ‘ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ತುಂಬಿ. ಸರ್ನಾಕ್ ಎಂಬ ಜಾಗದಲ್ಲಿ ನಕ್ಷತ್ರದ ಚಿಹ್ನೆ ಕಾಣಿಸಿದರೆ ಅದನ್ನೇ ಆರಿಸಿ, ಅನಂತರ ಹಿಸ್ಸಾ ನಂಬರ್ ಕೊಡಿ. ತೆರೆಯ ಮೇಲೆ ನೋಡಲು ಹಣವಿಲ್ಲ. ಡಿಜಿಟಲ್ ಸಹಿಯ ಪ್ರತಿ ಬೇಕಾದರೆ ಶುಲ್ಕವಿದೆ.’ ಆ ನಕ್ಷತ್ರದ ಚಿಹ್ನೆಯ ಮುಂದೆ ಎಷ್ಟು ಜನ ಕೈಕಟ್ಟಿ ಕುಳಿತಿದ್ದನ್ನು ನಾನು ಅಂಗಡಿಯಲ್ಲಿ ನೋಡಿದ್ದೇನೆಂದರೆ, ಈ ಸಾಲನ್ನು ಬರೆಯಲು ಬೇರಾವ ಸಂಶೋಧನೆಯೂ ಬೇಕಾಗಲಿಲ್ಲ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಲಿಂಕಿನ ಕೆಳಗೂ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ, ಆರ್‌ಡಿ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ ಎಂದು ಸೇರಿಸಿದ್ದೇನೆ. ಪ್ರತಿ ಸೇವೆಯನ್ನೂ ನಾನೇ ಒಮ್ಮೆ ಕೊನೆಯವರೆಗೆ ಮಾಡಿ ನೋಡಿದ ಮೇಲಲ್ಲದೆ ವಿವರಣೆ ಬರೆಯುವುದಿಲ್ಲ. ಬೇರೆಡೆಯಿಂದ ನಕಲು ಮಾಡಿದ ವಿವರಣೆಯುಳ್ಳ ಪುಟಕ್ಕೆ ಗೂಗಲ್ ಬೆಲೆ ಕೊಡುವುದಿಲ್ಲ, ಓದುಗರಂತೂ ಎರಡನೆಯ ಬಾರಿ ಬರುವುದಿಲ್ಲ.

ಸೇರಿಸುವುದಕ್ಕಿಂತ ಹೆಚ್ಚು ಸಮಯ ಹಿಡಿಯುವುದು ಪರಿಶೀಲನೆ. ಒಂದು ಬೆಳಿಗ್ಗೆ ಸಕಲೇಶಪುರದ ಕಡೆಯ ರೈತರೊಬ್ಬರು ಫೋನ್ ಮಾಡಿ, “ಅಣ್ಣಾ, ನಿಮ್ಮ ಲಿಂಕ್ ಒತ್ತಿದ್ರೆ ರಮ್ಮಿ ಆಟ ಬರ್ತದೆ, ನನ್ನ ಮಗಳು ಪಕ್ಕದಲ್ಲೇ ಕೂತಿದ್ಲು” ಎಂದರು. ಕೃಷಿ ಮಾಹಿತಿ ನೀಡುತ್ತಿದ್ದ ಖಾಸಗಿ ತಾಣವೊಂದನ್ನು ಒಳ್ಳೆಯದೆಂದು ಉಳಿಸಿಕೊಂಡಿದ್ದೆ. ಅದರ ಮಾಲೀಕರು ಡೊಮೈನ್ ನವೀಕರಿಸಿರಲಿಲ್ಲ, ಜೂಜಿನ ತಾಣದವರು ಆ ಹೆಸರನ್ನು ಕೊಂಡುಕೊಂಡಿದ್ದರು. ಪ್ರತಿ ರಾತ್ರಿ ಓಡುವ ಪರೀಕ್ಷಾ ಪ್ರೋಗ್ರಾಂ ನನ್ನಲ್ಲಿ ಆಗಲೂ ಇತ್ತು, ಆದರೆ ಪುಟ ಸಿಗದಿದ್ದಾಗ ಬರುವ 404 ಸಂಕೇತವನ್ನಷ್ಟೇ ಅದು ಹಿಡಿಯುತ್ತಿತ್ತು. ಕೈಬದಲಾದ ತಾಣ 200 ಎಂದೇ, ಅಂದರೆ ಎಲ್ಲವೂ ಸರಿಯಿದೆ ಎಂದೇ ಉತ್ತರಿಸುತ್ತದೆ. ಆದ್ದರಿಂದ ಈಗ ಪ್ರತಿ ಪುಟದ ಶೀರ್ಷಿಕೆಯನ್ನು ಉಳಿಸಿಟ್ಟು, ಅದು ಬದಲಾದ ದಿನ ನನಗೆ ಇಮೇಲ್ ಬರುವಂತೆ ಮಾಡಿದ್ದೇನೆ. ಜಿಒವಿ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ವಿಳಾಸಗಳು ಖಾಸಗಿಯವರಿಗೆ ಸಿಗುವುದಿಲ್ಲವಾದ್ದರಿಂದ ಪಟ್ಟಿಯನ್ನು ಬಹುತೇಕ ಅವುಗಳಿಗೇ ಸೀಮಿತಗೊಳಿಸಿದ್ದೇನೆ. ಇಲ್ಲಿಯೂ ಒಂದು ತೊಡಕಿದೆ: ಕೆಲವು ಸರ್ಕಾರಿ ತಾಣಗಳು ಹೊರದೇಶದ ಸರ್ವರ್‌ಗಳಿಂದ ಹೋದ ಕೋರಿಕೆಗೆ ಉತ್ತರಿಸುವುದಿಲ್ಲ. ನನ್ನ ಸರ್ವರ್ ಸಿಂಗಪುರದಲ್ಲಿದ್ದಾಗ ಚೆನ್ನಾಗಿ ನಡೆಯುತ್ತಿದ್ದ ತಾಣಗಳೂ ಸತ್ತಿವೆಯೆಂದು ವರದಿ ಬರುತ್ತಿತ್ತು. ಈಗ ಆ ಪರೀಕ್ಷೆಯನ್ನು ಅಂಗಡಿಯ ಕಂಪ್ಯೂಟರಿನಿಂದಲೇ ನಡೆಸುತ್ತೇನೆ. ಅನುಮಾನ ಬಂದದ್ದನ್ನು ಭಾನುವಾರ ಕೈಯಾರೆ ತೆರೆದು ನೋಡುತ್ತೇನೆ.

ಓದುಗರ ಬರವು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಫಲಿತಾಂಶಗಳ ಕಾಲದಲ್ಲಿ ಒಂದು ದಿನಕ್ಕೆ ಬರುವವರ ಸಂಖ್ಯೆ ಉಳಿದ ತಿಂಗಳುಗಳ ಎರಡು ವಾರಕ್ಕೆ ಸಮನಾಗುತ್ತದೆ; ಮುಂಗಾರಿನ ಹೊತ್ತಿಗೆ ಪಹಣಿ ಮತ್ತು ಬೆಳೆ ವಿಮೆ, ಕಾಲೇಜು ಆರಂಭವಾದ ಮೇಲೆ ವಿದ್ಯಾರ್ಥಿವೇತನ. 2019ರಲ್ಲಿ ಪಿಎಂ ಕಿಸಾನ್ ಬಂದಾಗ ಯೋಜನೆ ಘೋಷಣೆಯಾದ ವಾರದಲ್ಲಿಯೇ ಪುಟ ಸಿದ್ಧಪಡಿಸಿದ್ದೆ. ಇಂದಿಗೂ ನನ್ನ ತಾಣದಲ್ಲಿ ಹೆಚ್ಚು ಜನ ತೆರೆಯುವ ಪುಟಗಳಲ್ಲಿ ಅದೊಂದು. ಜನರು ಹುಡುಕುವುದು ಇಲಾಖೆ ಬಳಸುವ ಪದದಿಂದಲ್ಲ, ಬಾಯಿಮಾತಿನಿಂದ. ‘ಹಕ್ಕು ದಾಖಲೆ’ ಎಂದು ಹುಡುಕುವವರನ್ನು ನಾನು ಕಂಡಿಲ್ಲ, ‘ಪಹಣಿ ನೋಡುವುದು ಹೇಗೆ’ ಎಂದು ಹುಡುಕುತ್ತಾರೆ. ಪುಟಗಳ ಶೀರ್ಷಿಕೆಗಳನ್ನೆಲ್ಲ ಹಾಗೆ ಬದಲಿಸಿದ ಮೇಲೆ, ಮೂರು ತಿಂಗಳಲ್ಲಿ ಹುಡುಕಾಟದಿಂದ ಬರುವವರು ಎರಡು ಪಟ್ಟಾದರು.

ಆದಾಯದ ವಿಚಾರದಲ್ಲಿ ತಾಳ್ಮೆ ಬೇಕಾಯಿತು. ತಾಣಗಳಲ್ಲಿ ಜಾಹೀರಾತು ತೋರಿಸಿ ಮಾಲೀಕರಿಗೆ ಹಣ ಕೊಡುವ ಗೂಗಲ್ ಆಡ್‌ಸೆನ್ಸ್ ಒಪ್ಪುವ ಭಾಷೆಗಳಲ್ಲಿ ಆಗ ಕನ್ನಡವಿರಲಿಲ್ಲ. ಭಾರತೀಯ ಭಾಷೆಗಳಲ್ಲಿ ಮೊದಲನೆಯದಾಗಿ ಹಿಂದಿಗೆ ಅವಕಾಶ ದೊರೆತದ್ದೇ 2014ರ ಡಿಸೆಂಬರ್‌ನಲ್ಲಿ. ಹೀಗಾಗಿ ಜಿಲ್ಲಾವಾರು ಪುಟಗಳಲ್ಲಿ ಸ್ಥಳೀಯ ಜಾಹೀರಾತು ಹಾಕತೊಡಗಿದೆ: ಟ್ಯೂಷನ್ ಕೇಂದ್ರ, ಬೀಜ-ಗೊಬ್ಬರದ ಅಂಗಡಿ, ನನ್ನಂಥ ಸೈಬರ್ ಸೆಂಟರ್‌ಗಳು. ತಿಂಗಳಿಗೆ 500 ರೂಪಾಯಿ. ಅವುಗಳ ಲಿಂಕಿಗೆ ಹಣ ಪಡೆದ ಲಿಂಕೆಂದು ಗೂಗಲ್‌ಗೆ ತಿಳಿಸುವ ಗುರುತನ್ನು ತಪ್ಪದೆ ಹಾಕುತ್ತೇನೆ. ಪುಟದ ಮೇಲೆಯೂ ‘ಜಾಹೀರಾತು’ ಎಂದು ಬರೆದಿರುತ್ತೇನೆ. ಕನ್ನಡಕ್ಕೂ ಆಡ್‌ಸೆನ್ಸ್ ಬಂದ ಮೇಲೆ ಬೇರೊಂದು ಕಷ್ಟ ಎದುರಾಯಿತು. ಅಧಿಕೃತ ಲಿಂಕಿನ ಪಕ್ಕದಲ್ಲೇ ‘ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿಯ ಜಾಹೀರಾತು ಬಂದರೆ ಹಳ್ಳಿಯ ಓದುಗರು ಅದನ್ನೇ ಒತ್ತುತ್ತಾರೆ. ಅದರಿಂದ ನನಗೆ ಹಣ ಬರುತ್ತದೆ, ಅವರ ಕೆಲಸ ಕೆಡುತ್ತದೆ. ಅಂಥ ಜಾಹೀರಾತುದಾರರನ್ನು, ಸಾಲ ಮತ್ತು ಜೂಜಿನ ವರ್ಗಗಳನ್ನು ತಡೆಹಿಡಿದು, ಜಾಹೀರಾತಿನ ಜಾಗವನ್ನು ಪುಟದ ತಳಕ್ಕೆ ಇಳಿಸಿದೆ. ಆ ತಿಂಗಳು ಆದಾಯ ಮೂರನೇ ಒಂದರಷ್ಟು ಕಡಿಮೆಯಾಯಿತು, ಮತ್ತೆ ಅಷ್ಟೇ ಆಗಲು ಒಂದು ವರ್ಷ ಹಿಡಿಯಿತು. ಈಗ ಎರಡೂ ಸೇರಿ ತಿಂಗಳಿಗೆ ಸರಾಸರಿ 9,000 ರೂಪಾಯಿ ಬರುತ್ತದೆ. ಫಲಿತಾಂಶದ ತಿಂಗಳಲ್ಲಿ ಇದರ ಎರಡು ಪಟ್ಟಿಗೂ ಹೆಚ್ಚು. ಡೊಮೈನ್ ಮತ್ತು ಹೋಸ್ಟಿಂಗ್ ಖರ್ಚು ವರ್ಷಕ್ಕೆ 6,000 ದಾಟುವುದಿಲ್ಲ. ಇದೊಂದರಿಂದಲೇ ಸಂಸಾರ ನಡೆಯಲಾರದು. ಅಂಗಡಿಯ ಬಾಡಿಗೆ ಮಾತ್ರ ಇದರಿಂದಲೇ ತೀರುತ್ತಿದೆ.

ಯಾಹೂ ತನ್ನ ಡೈರೆಕ್ಟರಿಯನ್ನು 2014ರಲ್ಲಿ ಮುಚ್ಚಿತು, ಡಿಮೋಜ್ 2017ರ ಮಾರ್ಚ್‌ನಲ್ಲಿ ನಿಂತಿತು. ಇಡೀ ಜಾಲವನ್ನೇ ಪಟ್ಟಿ ಮಾಡುವ ಕೆಲಸ ಮನುಷ್ಯರಿಂದ ಆಗದು ಎಂಬುದನ್ನು ನಾನು ಒಪ್ಪುತ್ತೇನೆ. ನೂರ ಎಂಬತ್ತನ್ನು ಒಬ್ಬನೇ ನೋಡಿಕೊಳ್ಳಬಹುದು. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಎಂಬ ಹೊಸ ತಾಣ ಬಂದಾಗ ಹಳೆಯ ವಿವರಣೆಗಳೆಲ್ಲ ಉಪಯೋಗಕ್ಕೆ ಬಾರದಾದವು. ಋಣಭಾರ ಪ್ರಮಾಣಪತ್ರಕ್ಕೆ ನನ್ನದೇ ನಿವೇಶನದ ವಿವರ ಕೊಟ್ಟು ಅರ್ಜಿ ಹಾಕಿ, ಒಂದೊಂದು ಹಂತವನ್ನೂ ನೋಡುತ್ತಾ ಎರಡು ದಿನ ಕುಳಿತು ಆ ಪುಟವನ್ನು ಹೊಸದಾಗಿ ಬರೆದೆ.